ನಾಲ್ಕು ಮಂದಿ, ಒಂದೇ ಉಸಿರು

"ಕಾಕಾ, ಹಾಡು ಮುಗೀತು, ರಾಕ್ಷಸ ಇನ್ನೂ ನಿಂತಾನ!"

ರಾತ್ರಿ ಹತ್ತು ದಾಟಿತ್ತು. ಟಿಕೋಟಾದ ತೋಟದ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಕಾವಲಿನ ಪಾಳಿ ಅಣ್ಣನ ಮಗನದು. ಅವನ ಕೈಯಲ್ಲಿ ನಿಂಟೆಂಡೊ ಸ್ವಿಚ್ ಎಂಬ ಆಟದ ಪೆಟ್ಟಿಗೆ. ನನಗೆ ತಲೆಬುಡ ತಿಳಿಯಲಿಲ್ಲ. ಹಾಡು ಮುಗಿದರೆ ರಾಕ್ಷಸ ಯಾಕೆ ಬೀಳಬೇಕು? ಹಾಡಿಗೂ ರಾಕ್ಷಸನಿಗೂ ಎತ್ತಣಿಂದೆತ್ತ ಸಂಬಂಧ? ಬಗ್ಗಿ ನೋಡಿದೆ. ಅಷ್ಟೇ, ಆ ರಾತ್ರಿಯ ನಿದ್ದೆ ಹಾರಿಹೋಯಿತು!

ಆಟದ ಹೆಸರು 'ಥಿಯೇಟ್ರಿದಮ್ ಫೈನಲ್ ಬಾರ್ ಲೈನ್'. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ 2023ರ ಫೆಬ್ರುವರಿ 16ರಂದು ಬಿಡುಗಡೆ ಮಾಡಿದ್ದು. 1987ರಿಂದ ಬರುತ್ತಿರುವ 'ಫೈನಲ್ ಫ್ಯಾಂಟಸಿ' ಆಟಗಳ ಮತ್ತು ಅವುಗಳ ಬಳಗದ 385 ಹಾಡುಗಳು ಇದರಲ್ಲಿವೆ. ಪರದೆಯ ಒಂದು ಮಗ್ಗುಲಿಗೆ ನಾವು ಆರಿಸಿ ನಿಲ್ಲಿಸಿದ ನಾಲ್ಕು ಗಿಡ್ಡ ವೀರರು, ಎದುರಿಗೆ ರಾಕ್ಷಸರು. ಹಾಡು ಶುರುವಾಯಿತೋ, ಬಣ್ಣದ ಗುರುತುಗಳು ಸಾಲುಗಟ್ಟಿ ತೇಲಿ ಬರುತ್ತವೆ. ಕೆಂಪು ಬಂದರೆ ಗುಂಡಿ ಒತ್ತು. ಹಸಿರು ಬಂದರೆ ಒತ್ತಿ ಹಿಡಿ, ಸರಿಯಾದ ಕ್ಷಣಕ್ಕೆ ಬಿಡು. ಹಳದಿ ಬಂದರೆ ಬಾಣ ತೋರಿಸಿದ ಕಡೆಗೆ ಕಡ್ಡಿ ತಿರುವು. ಪೆಟ್ಟು ತಾಳಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಿತ್ತೋ, ಕಾಮನಬಿಲ್ಲಿನ ಬಣ್ಣದಲ್ಲಿ 'ಕ್ರಿಟಿಕಲ್' ಎಂದು ಮಿಂಚುತ್ತದೆ, ವೀರನ ಕತ್ತಿ ಬೀಸುತ್ತದೆ, ರಾಕ್ಷಸ ಒಂದು ಹೆಜ್ಜೆ ಸಾವಿನ ಕಡೆಗೆ! ತಾಳ ತಪ್ಪಿತೋ, ಜೀವದ ಪಟ್ಟಿ ಇಳಿಯುತ್ತದೆ.

ಆ ಪಟ್ಟಿಯನ್ನು ನೋಡಿಯೇ ನನ್ನ ಮೈ ಜುಮ್ಮೆಂದದ್ದು. ವೀರರು ನಾಲ್ಕು, ಜೀವದ ಪಟ್ಟಿ ಮಾತ್ರ ಒಂದೇ! ನಾಲ್ವರ ಬಲ ಕೂಡಿಸಿ ಒಂದು ಪಟ್ಟಿ. ಒಬ್ಬ ಸತ್ತು ಮೂವರು ಉಳಿಯುವ ಮಾತೇ ಇಲ್ಲ. ಬದುಕಿದರೆ ಎಲ್ಲರೂ, ಬಿದ್ದರೆ ಎಲ್ಲರೂ. ಮೇಲಾಗಿ ಹಾಡು ಯಾರಿಗೂ ಕಾಯುವುದಿಲ್ಲ. ಹಾಡು ಎಷ್ಟು ಉದ್ದವೋ ಯುದ್ಧವೂ ಅಷ್ಟೇ ಉದ್ದ. ಅಷ್ಟರೊಳಗೆ ರಾಕ್ಷಸನನ್ನು ಕೆಡವಬೇಕು. ನಮ್ಮ ಹುಡುಗ ಒಂದೂ ತಾಳ ತಪ್ಪಿರಲಿಲ್ಲ, ಆದರೂ ರಾಕ್ಷಸ ನಿಂತೇ ಇದ್ದ.

ಯಾಕೆ? ಅವನ ತಂಡ ನೋಡಿದೆ. ಕ್ಲೌಡ್, ಸ್ಕ್ವಾಲ್‌ರಂಥ ಕತ್ತಿ ಹಿರಿಯುವ ಗಂಡುಗಲಿಗಳೇ ನಾಲ್ವರೂ. ಒಬ್ಬರಿಗಿಂತ ಒಬ್ಬರು ಜೋರು. ಎದುರಿಗಿದ್ದ ರಾಕ್ಷಸನಿಗೋ ಕತ್ತಿಯ ಏಟು ತಾಗುವುದೇ ಕಡಿಮೆ, ಅವನು ಅಂಜುವುದು ಹಿಮಕ್ಕೆ. ಹಿಮ ಸುರಿಸುವವರು ತಂಡದಲ್ಲಿ ಒಬ್ಬರೂ ಇಲ್ಲ!

ಆಗ ಹುಡುಗ ಆಯ್ಕೆಯ ಪುಟ ತೆರೆದ. ನಾನು ಬೆಕ್ಕಸಬೆರಗಾಗಿ ಕೂತೆ. ಬರೋಬ್ಬರಿ 104 ಪಾತ್ರಗಳು! ಏಟು ಹಾಕುವವರು, ಮಂತ್ರ ಹಾಕುವವರು, ಗಾಯ ಮಾಯಿಸುವವರು, ಅಡ್ಡ ನಿಂತು ಕಾಯುವವರು, ಉಳಿದವರ ಬಲ ಏರಿಸುವವರು, ದಾರಿಯಲ್ಲಿ ನಿಧಿಯ ಪೆಟ್ಟಿಗೆ ಹೆಕ್ಕುವವರು. ಇವರಲ್ಲಿ ನಾಲ್ವರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಮೊಬೈಲಿನಲ್ಲಿ ಲೆಕ್ಕ ಹಾಕಿದೆ: 45,98,126! ದಿನಕ್ಕೊಂದು ತಂಡ ಕಟ್ಟಿ ನೋಡುತ್ತ ಹೋದರೆ 12,500 ವರ್ಷಕ್ಕೂ ಮುಗಿಯದ ಕೆಲಸ. ಒಬ್ಬೊಬ್ಬರಿಗೂ ಮೂರು ವಿದ್ಯೆ ತೊಡಿಸಬಹುದು, ಆ ಲೆಕ್ಕ ಬೇರೆ. 1987ರ ಮೊದಲ 'ಫೈನಲ್ ಫ್ಯಾಂಟಸಿ'ಯಲ್ಲಿ ಇದ್ದದ್ದು ಆರೇ ಕಸುಬು. ಒಂದೇ ಕಸುಬಿನವರನ್ನು ಮತ್ತೆ ಮತ್ತೆ ತೆಗೆದುಕೊಂಡರೂ ನಾಲ್ವರ ತಂಡಕ್ಕೆ 126 ದಾರಿ. ಆರು ಕಾಳಿನಿಂದ ಎಂಥ ಬೆಳೆ!

ಈ ಸಮುದ್ರದಲ್ಲಿ ಯಾರನ್ನು ಹಿಡಿಯುವುದು? ನನ್ನ ಬಾಯಿಂದ ತಾನಾಗಿ ಒಂದು ಮಾತು ಬಂತು: "ತಮ್ಮಾ, ಎಲ್ಲಾರೂ ದಪ್ಪು ಬಡಿಯಾವ್ರ ಆದ್ರ ಹಿಮ್ಮೇಳ ಎಲ್ಲೈತೋ?"

ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ. ನನಗೂ ಆ ಗಳಿಗೆಯಲ್ಲೇ ಬೆಳಕು ಬಿದ್ದದ್ದು. ಇದನ್ನು ನಾನು ನೋಡಿದ್ದೇನೆ! ಬಬಲೇಶ್ವರದ ಕಡೆ, ಡೋಣಿ ಸೀಮೆಯ ಜಾತ್ರೆಯಲ್ಲಿ, ಅಪ್ಪನ ಹೆಗಲ ಮೇಲೆ ಕೂತು ಬೆಳಗಿನ ತನಕ ನೋಡಿದ್ದೇನೆ. ಗೀಗೀ ಮೇಳ!

ನೆನಪು ಮಾಡಿಕೊಳ್ಳಿ. ಮೇಳದಲ್ಲಿ ಮೂರ್ನಾಲ್ಕೇ ಮಂದಿ. ಮುಂದೆ ದಪ್ಪು ಹಿಡಿದ ಮುಖ್ಯ ಹಾಡುಗಾರ, ಬಾಜೂಕ್ಕೆ ತುಂತುಣಿ ಮೀಟುವವ, ತಾಳ ತಟ್ಟುವವ. ಎದುರಿಗೆ ಇನ್ನೊಂದು ಮೇಳ. ಒಬ್ಬರು ಹರದೇಶಿ, ಗಂಡು ಹೆಚ್ಚು ಎನ್ನುವವರು. ಇನ್ನೊಬ್ಬರು ನಾಗೇಶಿ, ಹೆಣ್ಣು ಹೆಚ್ಚು ಎನ್ನುವವರು. ಒಬ್ಬರು ಪದದಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ತಾಳ ತಪ್ಪಿದರೆ ಜನ ನಗುತ್ತಾರೆ, ಜವಾಬು ಹೊಳೆಯದಿದ್ದರೆ ಸೋತಂತೆ. ಹಾಡೇ ಆಯುಧ, ತಾಳವೇ ಕಣ. ಜಪಾನಿನವರು ಪರದೆಯ ಮೇಲೆ ಮಾಡಿದ್ದನ್ನು ನಮ್ಮವರು ಕಂಬಳಿ ಹಾಸಿ, ಗ್ಯಾಸಬತ್ತಿ ಹಚ್ಚಿ ಮಾಡಿದ್ದರು!

ಇನ್ನೂ ಹತ್ತಿರ ಹೋಗಿ ನೋಡಿ, ಗುಟ್ಟು ಅಲ್ಲಿದೆ. ಮುಖ್ಯ ಹಾಡುಗಾರ ಒಂದು ನುಡಿ ಹಾಡಿ ಬಿಡುತ್ತಾನೆ. ಹಿಮ್ಮೇಳದವರು ಥಟ್ಟನೆ ಅದನ್ನು ಎತ್ತಿಕೊಂಡು 'ಗೀ ಗೀ' ಎಂದು ಎಳೆಯುತ್ತಾರೆ. ಕೇಳುವವರಿಗೆ ಅದು ಬರೀ ಪಲ್ಲವಿ. ಆ ಎಳೆತದಲ್ಲಿ ಮುಂದಿನವನು ಏನು ಮಾಡುತ್ತಾನೆ? ಉಸಿರು ತುಂಬಿಕೊಳ್ಳುತ್ತಾನೆ. ಎದುರಾಳಿಯ ಕಡೆಗೆ ಕಣ್ಣು ಹಾಯಿಸುತ್ತಾನೆ. ಮುಂದಿನ ನುಡಿ ಹೊಸೆಯುತ್ತಾನೆ. ಹಿಮ್ಮೇಳ ಅವನಿಗೆ ಕೊಡುತ್ತಿರುವುದು ಜೀವ! ಆಟದಲ್ಲಿ ಗಾಯ ಮಾಯಿಸುವ ಏರಿತ್ ಎಂಬ ಹುಡುಗಿಯ ಕಸುಬೂ ಅದೇ. ಆಕೆ ಹೊಡೆಯುವುದು ಕಡಿಮೆ, ಹೊಡೆಯುವವರನ್ನು ನಿಲ್ಲಿಸಿಕೊಳ್ಳುವುದೇ ಹೆಚ್ಚು.

ಸರಿ, ಮೇಳ ಕಟ್ಟಿದೆವು! ಕತ್ತಿಯವರಲ್ಲಿ ಕ್ಲೌಡ್ ಒಬ್ಬನೇ ಉಳಿದ. ಚೂಪು ಟೊಪ್ಪಿಗೆಯ ಪುಟ್ಟ ಮಂತ್ರಗಾರ ವಿವಿ ಬಂದ, ಹಿಮದ ವಿದ್ಯೆ ತೊಟ್ಟು. ಏರಿತ್ ಬಂದಳು. ನಾಲ್ಕನೆಯ ಜಾಗಕ್ಕೆ ಉಳಿದವರ ಬಲ ಏರಿಸುವವನೊಬ್ಬ. ಅದೇ ಹಾಡು, ಅದೇ ಬೆರಳು, ಅದೇ ತಾಳ. ಹುಡುಗನ ಹುಬ್ಬು ಗಂಟಿಕ್ಕಿತ್ತು. ಹಾಡು ಕೊನೆಯ ಸುತ್ತಿಗೆ ಏರುವ ಹೊತ್ತಿಗೆ ವಿವಿಯ ಹಿಮ ಬಿತ್ತು, ಮತ್ತೊಮ್ಮೆ ಬಿತ್ತು, ರಾಕ್ಷಸ ಕರಗಿಹೋದ! ಹಾಡು ಇನ್ನೂ ಬಾಕಿ ಇತ್ತು! ದ್ರಾಕ್ಷಿ ಶೆಡ್ಡಿನಲ್ಲಿ ನಾವಿಬ್ಬರೂ ಕೂಗಿದ ಕೂಗಿಗೆ ನಾಯಿ ಎದ್ದು ಬೊಗಳಿತು.

ಆ ಮೇಲೆ ಒಂದೊಂದೇ ಗುಟ್ಟು ಬಿಚ್ಚಿಕೊಂಡಿತು. ವಿದ್ಯೆಗಳು ಸುಮ್ಮನೆ ಹಾರುವುದಿಲ್ಲ, ಒಂದೊಂದಕ್ಕೂ ಒಂದೊಂದು ಶರತ್ತು. ಕೆಲವು ಸತತವಾಗಿ ಕ್ರಿಟಿಕಲ್ ಬಿದ್ದರೆ ಮಾತ್ರ ಏಳುತ್ತವೆ, ಕೆಲವು ಜೀವ ಇಳಿದಾಗ ಏಳುತ್ತವೆ. ಅಂದ ಮೇಲೆ ತಾಳ ಇನ್ನೂ ಪಳಗದವರು ಮೊದಲನೆಯ ಬಗೆಯದನ್ನೇ ತುಂಬಿಕೊಂಡರೆ ಕೈಯಲ್ಲಿ ಬಂದೂಕು, ಒಳಗೆ ಗುಂಡಿಲ್ಲ! ತಮ್ಮ ಕೈಯ ಹದ ತಿಳಿದು ವಿದ್ಯೆ ತೊಡಿಸಬೇಕು. ಯುದ್ಧದ ಹಾಡು ಬೇರೆ, ದಾರಿ ನಡೆಯುವ ಹಾಡು ಬೇರೆ. ನಡೆಯುವ ಹಾಡಿನಲ್ಲಿ ನಿಧಿ ಹೆಕ್ಕುವವರಿಗೆ ಜಾಗ ಮಾಡಬೇಕು. ಪಳಗಿದ ಮೂವರ ನಡುವೆ ಒಬ್ಬ ಹೊಸಬನನ್ನು ಸೇರಿಸಿಕೊಂಡರೆ ಅವರ ನೆರಳಲ್ಲಿ ಅವನೂ ಬೆಳೆಯುತ್ತಾನೆ. ಗೀಗೀ ಮೇಳದಲ್ಲಿ ಹುಡುಗನ ಕೈಗೆ ಮೊದಲು ತಾಳ ಕೊಡುತ್ತಾರಲ್ಲ, ಹಾಗೆ. ದಪ್ಪು ಆಮೇಲೆ.

ಬೆಳಿಗ್ಗೆ ಟಿಕೋಟಾದಿಂದ ವಿಜಯಪುರಕ್ಕೆ ಬಸ್ಸು ಹತ್ತಿದೆ. ಬೆರಗು ಇನ್ನೂ ಇಳಿದಿರಲಿಲ್ಲ. ಅಥಣಿ ರಸ್ತೆಯ ಆ ದಾರಿಯಲ್ಲಿ ತೊರವಿ ಬರುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣದ ತೊರವಿ. ಅದರ ಮಗ್ಗುಲಲ್ಲೇ ನವರಸಪುರ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಿಸಲು ತೊಡಗಿದ ಊರು, ಒಂಬತ್ತು ರಸಗಳ ಹೆಸರಿನ ಊರು! 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಉಳಿದ ಗೋಡೆಗಳು ಈಗಲೂ ನಿಂತಿವೆ. ಸುಲ್ತಾನ ಇಬ್ರಾಹಿಂ ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದ, ಹಾಡುಗಳನ್ನು ರಾಗದ ಹೆಸರಿನಲ್ಲಿ ಜೋಡಿಸಿದ, ಸರಸ್ವತಿ ಗಣಪತಿಯರನ್ನೂ ಕಲಬುರಗಿಯ ಬಂದೇ ನವಾಜರನ್ನೂ ನೆನೆದ. ಆ ಹಾಡುಗಳಲ್ಲಿ ಯಾರು ಯಾರು ಬರುತ್ತಾರೆ ಗೊತ್ತೆ? ಅವನ ತಂಬೂರಿ, ಹೆಸರು ಮೋತಿಖಾನ್! ಅವನ ಆನೆ, ಹೆಸರು ಆತಶ್ ಖಾನ್. ಆತಶ್ ಎಂದರೆ ಬೆಂಕಿ! ಅವನ ರಾಣಿ ಚಾಂದ್ ಸುಲ್ತಾನಾ.

ಬಸ್ಸಿನಲ್ಲಿ ನಾನೊಬ್ಬನೇ ನಕ್ಕೆ. ಹೆಸರಿಟ್ಟ ಆಯುಧ, ಕರೆದರೆ ಬರುವ ಬೆಂಕಿಯ ಮೃಗ, ಜೊತೆಗಾತಿ, ನಾಯಕ. ನಾಲ್ಕು! ಆಟದಲ್ಲಿಯೂ ಕತ್ತಿಗಳಿಗೆ ಹೆಸರುಗಳಿವೆ, ಕಲ್ಲಿನೊಳಗಿಂದ ಕರೆದರೆ ಬರುವ ಇಫ್ರಿತ್ ಎಂಬ ಬೆಂಕಿಯ ದೈತ್ಯನಿದ್ದಾನೆ. ನಾಲ್ಕು ನೂರು ವರ್ಷದ ಹಿಂದೆ ನಮ್ಮ ಊರಲ್ಲೇ ಒಬ್ಬ ತನ್ನ ಮೇಳ ಕಟ್ಟಿಕೊಂಡು ಕೂತಿದ್ದ!

ಊರು ತಲುಪಿದವನೇ ಗೋಳಗುಮ್ಮಟಕ್ಕೆ ಹೋದೆ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ನೂರು ಸಲ ಹೋಗಿದ್ದೇನೆ, ಆ ಕಟ್ಟಡದ ಹೆಸರನ್ನು ಒಮ್ಮೆಯೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅದು ನಗಾರಖಾನೆ, ನಗಾರಿಯ ಮನೆ! ಮೇಲೆ ಹತ್ತಿ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದೆ. ಏಳು ಸಲ ಮರಳುತ್ತದೆ ಎನ್ನುವುದು ನಮ್ಮೂರ ಮಾತು. ನಾನು ಎಣಿಸಲಿಲ್ಲ. ಒಬ್ಬ ತಟ್ಟಿದ್ದನ್ನು ಎತ್ತಿಕೊಂಡು ಹೋಗುವ ಹಿಮ್ಮೇಳವೇ ಆ ಗೋಡೆಯಲ್ಲಿ ಕೂತಂತಿತ್ತು.

ತಂಡ ಕಟ್ಟುವ ನೂರು ಉಪಾಯ ಕೇಳಿದ ಮೇಲೆ ನನಗೆ ಉಳಿದದ್ದು ಒಂದೇ: ಮೊದಲು ಏಟಿನವರನ್ನು ಹುಡುಕಬೇಡಿ, ಉಸಿರು ಕೊಡುವವರನ್ನು ಹುಡುಕಿ, ಎದುರಾಳಿ ಯಾತಕ್ಕೆ ಅಂಜುತ್ತಾನೆಂದು ನೋಡಿ, ಉಳಿದ ಜಾಗ ತುಂಬಿ. ಮುಂದಿನ ಜಾತ್ರೆಗೆ ಟಿಕೋಟಾದ ಕಡೆಯೋ ಬಬಲೇಶ್ವರದ ಕಡೆಯೋ ಬಂದರೆ, ಗೀಗೀ ಮೇಳದ ಮುಂದೆ ಹತ್ತು ನಿಮಿಷ ಕೂತುಕೊಳ್ಳಿ. ದಪ್ಪಿನವನನ್ನು ಎಲ್ಲರೂ ನೋಡುತ್ತಾರೆ. ನೀವು ತಾಳದವನನ್ನು ನೋಡಿ.