ಕೋವಿಯ ನಳಿಗೆಗೆ ಹಂಡೆಯ ನೀರು

ಕನ್ನಡದ ಪಾಠ ಹೇಳುವವನಿಗೆ ಕೋವಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆ ನಾನು ಹುಡುಕಿಕೊಂಡದ್ದಲ್ಲ, ಮನೆಯೊಡನೆ ಬಂದದ್ದು. ಸಿರಸಿ, ಸಿದ್ದಾಪುರ, ಎಲ್ಲಾಪುರಗಳ ತೋಟಿಗರಿಗೆ ಕೋವಿಯೆಂಬುದು ಶೌರ್ಯದ ಕುರುಹಲ್ಲ. ಕತ್ತಿ, ಗುದ್ದಲಿ, ದೋಟಿಗಳ ಸಾಲಿನಲ್ಲಿ ನಿಲ್ಲತಕ್ಕ ಒಂದು ಉಪಕರಣ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಬೆನ್ನಿಗೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಕಾಡು. ಹಗಲು ಮಂಗನ ಪಾಳಿ, ಇರುಳು ಹಂದಿಯ ಪಾಳಿ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಿಗೆಯಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಕಾಡುಪ್ರಾಣಿಯನ್ನು ಮನಬಂದಂತೆ ಹೊಡೆಯುವಂತಿಲ್ಲ. ನಮ್ಮ ಮನೆಯ ಕೇಪಿನ ಕೋವಿ ಬಹುಕಾಲದಿಂದ ಚರೆಯನ್ನೇ ಕಂಡಿಲ್ಲ. ಒಂದು ಹಿಡಿತ ಮದ್ದು, ಮೇಲೊಂದು ಉಂಡೆ. ಸದ್ದು ಮಾಡಿ ಬೆದರಿಸುವುದಷ್ಟೆ ಅದರ ಕೆಲಸ.

ಆದರೆ ಕೊಂದದ್ದೋ ಕೂಗಿದ್ದೋ ಎಂಬ ಭೇದವನ್ನು ಕಬ್ಬಿಣ ಅರಿಯದು. ಮದ್ದು ಉರಿದಲ್ಲೆಲ್ಲ ಅದರ ಶೇಷ ಉಳಿಯುತ್ತದೆ.

ಕೋವಿ ಎಂಬ ಶಬ್ದವೇ ಕೊಳವೆಯ ಒಡಹುಟ್ಟು. ಮರದ ಹಿಡಿಯನ್ನು ಬಡಗಿ ಮತ್ತೆ ಮಾಡಿಕೊಡಬಲ್ಲ. ಕುದುರೆ, ಬಿಲ್ಲುಗಳನ್ನು ಬದಲಿಸಬಹುದು. ನಳಿಗೆ ಕೆಟ್ಟಿತೆಂದರೆ ಕೋವಿಯೇ ಕೆಟ್ಟಿತು. ನಮ್ಮ ಹಿಂದಿನವರು ಇಡಿಯ ಆಯುಧಕ್ಕೆ ಕೊಳವೆಯ ಹೆಸರನ್ನೇ ಇಟ್ಟದ್ದು ಎಷ್ಟು ಸರಿಯೆಂಬುದು ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಪೆಟ್ಟು ತಿಂದ ಮೇಲೆ.

ಅಪ್ಪಯ್ಯ ಇದ್ದಾಗ ಕೋವಿ ಹೊಡೆದ ಮರುಬೆಳಗ್ಗೆ ಬಚ್ಚಲಿನ ಹಂಡೆಯಲ್ಲಿ ಕುದಿಯುವ ನೀರಿನ ಮೊದಲ ಪಾಲು ಅದಕ್ಕೇ. ಅಂಗಳದಂಚಿನಲ್ಲಿ ಕುಳಿತು, ಕೇಪು ಕೂರಿಸುವ ತೊಟ್ಟನ್ನು ಬಿಚ್ಚಿ, ನಳಿಗೆಯ ಬಾಯಿಂದ ನೀರು ಹೊಯ್ದು, ಸರಳಿನ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸುವರು. ಮೊದಲು ಮಸಿಯಂಥ ನೀರು, ಕೊಳೆತ ಮೊಟ್ಟೆಯ ನಾತ. ನಾಲ್ಕನೆಯ ಸಲಕ್ಕೋ ಐದನೆಯದಕ್ಕೋ ತಿಳಿನೀರು. ಅಷ್ಟರಲ್ಲಿ ನಳಿಗೆ ಮುಟ್ಟಲಾರದಷ್ಟು ಕಾದು, ತನ್ನ ಬಿಸಿಗೇ ತಾನು ಒಣಗುತ್ತಿತ್ತು. ಬೆಚ್ಚಗಿರುವಾಗಲೇ ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಒಲ್ಲರು; ಅದು ಮಾಗಿಯ ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಕಮಟಾಗಿ ಹುಳಿಯಾಗುತ್ತದೆ. ಕೊನೆಗೆ ಸರಳನ್ನು ಬರಿಯ ನಳಿಗೆಯೊಳಗೆ ಬಿಡುವರು. ಠಣ್ ಎಂದರೆ ಕೆಲಸ ಮುಗಿಯಿತು. “ತಮಾ, ಮೊದ್ಲು ನೀರು, ಕಡಿಗೆ ಎಣ್ಣೆ” ಎಂದು ಅವರು ಎಷ್ಟು ಸಲ ಹೇಳಿದ್ದರೋ. ಎಂ.ಎ. ಓದಿದ ಮಗನಿಗೆ ಅದು ಮುದುಕರ ಮಡಿಯಂತೆ ಕಂಡಿತ್ತು. ಕಬ್ಬಿಣಕ್ಕೆ ನೀರು ಹೊಯ್ಯುವುದುಂಟೆ?

2024ರ ಫೆಬ್ರವರಿಯಲ್ಲಿ ಹಂದಿಯ ಹಾವಳಿಗೆ ಮೂರು ರಾತ್ರಿ ಕೋವಿ ಹೊಡೆದೆ. ನೀರಿನ ತಂಟೆ ಬೇಡವೆಂದು ಧಾರಾಳವಾಗಿ ಎಣ್ಣೆ ಸುರಿದು, ಬಟ್ಟೆ ಆಡಿಸಿ ಮೂಲೆಗಿಟ್ಟೆ. ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ಘೋಷಣೆಯಾಯಿತು. ಪರವಾನಿಗೆಯ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ವಾಡಿಕೆಯಂತೆ ಒಪ್ಪಿಸಿಬಂದೆ. ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಕೋವಿ ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಠಾಣೆಯವರು ಕೊಟ್ಟದ್ದನ್ನು ಕೊಟ್ಟಹಾಗೆ ಕಾಯ್ದಿದ್ದರು. ಅವರ ಮೇಲೆ ದೂರಿಲ್ಲ. ಮನೆಗೆ ತಂದು ಸರಳು ಬಿಟ್ಟೆ. ಠಣ್ ಎನ್ನಲಿಲ್ಲ. ಮಣ್ಣಿನ ಮೇಲೆ ಬಿದ್ದಂತೆ ಒಂದು ಮಂಕು ಸದ್ದು. ಬಟ್ಟೆ ಹೊರಬಂದಾಗ ಕುಂಕುಮ ಕಲಸಿದ ಕೆಸರಿನಂತಿತ್ತು.

ಆ ಸದ್ದಿನ ಕಾರಣ ತಿಳಿಯಲು ನಾನು ರಸಾಯನಶಾಸ್ತ್ರದ ಸಹೋದ್ಯೋಗಿಗಳ ಬಾಗಿಲು ತಟ್ಟಬೇಕಾಯಿತು. ಕರಿಮದ್ದಿನಲ್ಲಿ ಸುಮಾರು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದು ಪಾಲು ಹೊಗೆಯಾಗಿ ಹಾರಿ, ಮಿಕ್ಕದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಅದು ಪೊಟ್ಯಾಸಿಯಂ ಲವಣಗಳ ಲೇಪ. ಗಾಳಿಯ ತೇವವನ್ನು ಹೀರುವುದು ಅದರ ಸ್ವಭಾವ, ಮಲೆನಾಡಿನ ಗಾಳಿಗೆ ತೇವದ ಬರವಿಲ್ಲ. ಈ ಲವಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ನಾನು ಮಾಡಿದ್ದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದ ಕೆಲಸ. ಎಣ್ಣೆಯ ಹೊದಿಕೆಯಡಿ ತುಕ್ಕು ನಾಲ್ಕು ತಿಂಗಳು ನಿಶ್ಚಿಂತೆಯಾಗಿ ಉಂಡಿತು.

ಅಪ್ಪಯ್ಯನ ಮಡಿ ದೊಡ್ಡ ದೊಡ್ಡ ಸೈನ್ಯಗಳ ಮಡಿಯೂ ಹೌದೆಂದು ಆಮೇಲೆ ತಿಳಿಯಿತು. ಬ್ರಿಟಿಷ್ ಸೈನ್ಯದ, ನಮ್ಮಲ್ಲಿ ಬಹುಕಾಲ ಪೊಲೀಸರ ಹೆಗಲ ಮೇಲಿದ್ದ .303 ರೈಫಲಿನ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮಿಶ್ರಣಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಸೇರಿಸುತ್ತಿದ್ದರು. ಉರಿದ ಮೇಲೆ ಉಳಿಯುವುದು ನಮ್ಮ ಅಡುಗೆಯುಪ್ಪಿನ ದಾಯಾದಿ. ಅದಕ್ಕಾಗಿ ಸಿಪಾಯಿಗಳಿಗೆ ನಳಿಗೆಯೊಳಗೆ ಕುದಿನೀರು ಹೊಯ್ಯಲೆಂದೇ ಆಲಿಕೆ ಕೊಡುತ್ತಿದ್ದರು. ರೈಫಲಿನ ಒಳಮೈಯಲ್ಲಿ ಗುಂಡನ್ನು ತಿರುಗಿಸುವ ಸುರುಳಿಗೀರುಗಳಿವೆ. ಗುಂಡಿನ ತಾಮ್ರದ ಕವಚ ಸವೆದು ಅಲ್ಲಿ ಅಂಟುವುದುಂಟು, ಅದನ್ನು ಬಿಡಿಸಲು ಅಮೋನಿಯಾ ಬೆರೆತ ದ್ರಾವಣ ಬೇಕು. ಈಚಿನ ಸೈನಿಕ ರೈಫಲುಗಳಲ್ಲಿ ಒಳಮೈಗೆ ಕ್ರೋಮಿಯಂ ಲೇಪಿಸುವುದೂ ಉಂಟು. ಹೊರಮೈಯ ಕಪ್ಪುನೀಲಿ ಬಣ್ಣದ ಕಥೆಯಂತೂ ಸ್ವಾರಸ್ಯದ್ದು: ಹಳೆಯ ಕ್ರಮದಲ್ಲಿ ಕಬ್ಬಿಣಕ್ಕೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿದರೆ ಆ ಕೆಂಪು ಕಪ್ಪಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಮತ್ತೆ ಮತ್ತೆ ಹೀಗೆ ಮಾಡಿ ಉಜ್ಜಿದರೆ ಅದೇ ಕವಚ.

ಇರಲಿ. ನಮ್ಮ ಕೋವಿಯನ್ನು ಪರವಾನಿಗೆಯುಳ್ಳ ದುರಸ್ತಿಯವರೊಬ್ಬರಲ್ಲಿಗೆ ಒಯ್ದೆ. ಅವರು ಹಿಂದಿನ ಬಿರಡೆ ತೆಗೆದು ನಳಿಗೆಯನ್ನು ಆಕಾಶಕ್ಕೆ ಹಿಡಿದು, “ನೀವೇ ನೋಡಿ ಮಾಸ್ತರರೆ” ಎಂದರು. ಬಾಯಿಯ ಕಡೆ ಕನ್ನಡಿಯ ಹೊಳಪು. ಮದ್ದು ಕೂರುವ ಬುಡದಲ್ಲಿ ಮಾತ್ರ ಸಿಡುಬಿನ ಕಲೆಗಳು. ಒತ್ತಡ ಅತಿ ಹೆಚ್ಚಾಗುವುದು ಆ ಬುಡದಲ್ಲಿಯೇ, ಮುಖವನ್ನು ಹಿಡಿಗೆ ಆನಿಸುವುದೂ ಅದರ ಸಮೀಪಕ್ಕೇ. ಒಳಗೆ ತಿರುವಿ ನಯಮಾಡಬಹುದೆ ಎಂದು ಕೇಳಿದೆ. ಕಲೆ ಹೋಗುವಷ್ಟು ತಿರುವಿದರೆ ಗೋಡೆ ತೆಳುವಾಗುತ್ತದೆ ಎಂದರು. “ಹೊಡೆಯಬೇಡಿ. ಇಟ್ಟುಕೊಳ್ಳಲು ಅಡ್ಡಿಯಿಲ್ಲ.” ಮೂರು ರಾತ್ರಿಯ ಸೋಮಾರಿತನಕ್ಕೆ ಇಷ್ಟು ದಂಡ. ಮನೆಯವಳು ಏನೂ ಅನ್ನಲಿಲ್ಲ. ಅದೇ ಹೆಚ್ಚು ನಾಟಿತು.

ಒಂದು ಮಾತು ಹೇಳದಿದ್ದರೆ ತಪ್ಪಾದೀತು. ತೊಳೆದಿಟ್ಟ ಕೋವಿಯನ್ನೂ ನಂಬಬಾರದು. ಮೂಲೆಗಿಟ್ಟ ನಳಿಗೆಯ ಬಾಯಿ ಕಂಡರೆ ಕುಂಬಾರ ಹುಳಕ್ಕೆ ಬಲು ಪ್ರೀತಿ, ಮಣ್ಣು ತಂದು ಗೂಡು ಕಟ್ಟಿಬಿಡುತ್ತದೆ. ನೋಡದೆ ಹೊಡೆದರೆ ನಳಿಗೆ ಸೀಳಬಹುದು. ಕೊಡಗಿನವರು ಮಳೆಯ ಅಬ್ಬರ ಇಳಿಯುವ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದಿನ ನೆಪದಿಂದ ಕೋವಿಗಳನ್ನು ಹೊರತೆಗೆದು ಶುಚಿಮಾಡಿ, ತೋಕ್ ಪೂವನ್ನು, ಎಂದರೆ ಕೋವಿಯ ಹೂವೆಂದೇ ಹೆಸರಾದ ಗೌರಿಹೂವನ್ನು, ನಳಿಗೆಗೆ ಮುಡಿಸುತ್ತಾರೆ. ಆ ಹಬ್ಬದಲ್ಲಿ ಪೂಜೆಯ ಪಾಲೆಷ್ಟೋ ಗೃಹಕೃತ್ಯದ ಪಾಲೂ ಅಷ್ಟೇ ಇದೆಯೆಂದು ನನಗೆ ಈಗ ತೋರುತ್ತದೆ.

ಈಗ ಕೋವಿಗಳನ್ನು ಠಾಣೆಗೆ ಒಪ್ಪಿಸುವ ದಿನ ಬಂತೆಂದರೆ ನೆರೆಯ ಎರಡು ಮನೆಯವರು ಹಿಂದಿನ ಸಂಜೆಯೇ ತಮ್ಮ ಕೋವಿಗಳೊಡನೆ ನಮ್ಮ ಅಂಗಳಕ್ಕೆ ಬರುತ್ತಾರೆ. ಹಂಡೆಗೆ ಉರಿ ಹಾಕುವವನು ನಾನು, ನೀರು ಹೊಯ್ಯುವವನು ಮಗ. ಅವರದು ತೊಳೆದಾದ ಮೇಲೆ ನಮ್ಮದನ್ನೂ ತೊಳೆಯುತ್ತೇವೆ, ಹೊಡೆದಿಲ್ಲವಾದರೂ. ಸರಳು ಬಿಟ್ಟರೆ ಠಣ್ ಎನ್ನುತ್ತದೆ. ಕೊನೆಯಲ್ಲಿ ಮಾತ್ರ ಸ್ವಲ್ಪ ಗೊರಗೊರ.