ಇಪಿಲ್-ಇಪಿಲ್ ಸೊಪ್ಪೂ ಹಂದಿಯ ಆಹಾರವೂ

ಮೆಕ್ಸಿಕೋ ದೇಶದ ವಹಾಕ ಪಟ್ಟಣದ ಹೆಸರು ಒಂದು ಮರದ ಕುಲದಿಂದ ಬಂದುದು. ನಾವಾಟಲ್ ಭಾಷೆಯಲ್ಲಿ ಅದು ‘ವಾಷಿನ್’. ಆ ಕುಲದ ಒಂದು ಜಾತಿಯು ಸ್ಪೇನಿನವರ ಹಡಗುಗಳಲ್ಲಿ ಫಿಲಿಪ್ಪೀನ್ಸ್ ದ್ವೀಪಗಳನ್ನು ಸೇರಿ ‘ಇಪಿಲ್-ಇಪಿಲ್’ ಎನಿಸಿಕೊಂಡಿತು; ಭಾರತದಲ್ಲಿ ಅದನ್ನು ಸುಬಾಬುಲ್ ಎನ್ನುವರು. ಸೋಯಾಹಿಂಡಿಯನ್ನು ಹಣಕೊಟ್ಟು ತರಬೇಕಾದ ಫಿಲಿಪ್ಪೀನ್ಸಿನ ಸಣ್ಣ ರೈತನಿಗೆ, ಬೇಲಿಯಲ್ಲಿಯೇ ಬೆಳೆಯುವ ಈ ಸೊಪ್ಪನ್ನು ಹಂದಿಗೆ ಹಾಕಬಹುದೆಂಬ ಮಾತು ಆಕರ್ಷಕವಾಗಿ ತೋರುವುದು ಸಹಜವೇ.

ಒಣಗಿದ ಎಲೆಯಲ್ಲಿ ನೂರಕ್ಕೆ ೨೦ರಿಂದ ೨೫ ಭಾಗ ಸಸಾರಜನಕವಿದೆಯೆಂದು ಹೇಳುವುದುಂಟು. ಈ ಅಂಕಿಯನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ೧೮೮೩ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ರಸಾಯನಜ್ಞನು ತೋರಿಸಿದ ಕ್ರಮದಿಂದ ಎಲೆಯ ಸಾರಜನಕವನ್ನು ಅಳೆದು, ಅದನ್ನು ೬.೨೫ರಿಂದ ಗುಣಿಸಿದರೆ ದೊರೆಯುವ ಮೊತ್ತವಿದು. ಆ ಸಾರಜನಕವು ಯಾವ ಪದಾರ್ಥದ್ದೆಂಬುದನ್ನು ಈ ಲೆಕ್ಕವು ಕೇಳುವುದಿಲ್ಲ. ಈ ಎಲೆಯಲ್ಲಿ ಮಿಮೊಸೀನ್ ಎಂಬ ವಿಷಕರವಾದ ಅಮೈನೋ ಆಮ್ಲವುಂಟು. ಎಳೆಯ ಚಿಗುರಿನಲ್ಲಂತೂ ಹೆಚ್ಚು. ಅದರ ಸಾರಜನಕವೂ ಆಹಾರದ ಖಾತೆಗೇ ಸೇರುತ್ತದೆ! ನಾರಿನಲ್ಲಿ ಸಿಕ್ಕಿಕೊಂಡು ಜೀರ್ಣವಾಗದೆ ಉಳಿಯುವ ಅಂಶವೂ ಹಾಗೆಯೇ.

ಮೇಕೆಯೂ ಹಂದಿಯೂ ಬೇರೆಯಾಗುವುದು ಇಲ್ಲಿಯೇ. ಮೆಲುಕು ಹಾಕುವ ಪ್ರಾಣಿಯಲ್ಲಿ ಮೇವು ಮೊದಲು ಸೂಕ್ಷ್ಮಜೀವಿಗಳ ಬೀಡಾದ ದೊಡ್ಡ ಜಠರದಲ್ಲಿ ಹುದುಗಿ, ಅನಂತರ ಸಣ್ಣ ಕರುಳಿಗೆ ಇಳಿಯುತ್ತದೆ. ಹಂದಿಗೆ ಇರುವುದು ಒಂದೇ ಜಠರ; ಹುದುಗುವ ಕಾರ್ಯವು ಬಹುಮಟ್ಟಿಗೆ ನಡೆಯುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಅಷ್ಟುಹೊತ್ತಿಗೆ ವಿಷವು ರಕ್ತವನ್ನು ಸೇರಿರುತ್ತದೆ. ಕೂದಲುದುರುವುದು, ಬೆಳವಣಿಗೆ ಕುಂಠಿತವಾಗುವುದು ಇದರ ಪರಿಣಾಮ.

ಮೆಲುಕು ಹಾಕುವ ಪ್ರಾಣಿಗಳಿಗೂ ಎಲ್ಲೆಡೆಯಲ್ಲಿ ಈ ರಕ್ಷಣೆಯಿರಲಿಲ್ಲ. ಹವಾಯಿಯ ಮೇಕೆಗಳು ನಿರಪಾಯವಾಗಿ ತಿನ್ನುತ್ತಿದ್ದ ಸೊಪ್ಪೇ ಆಸ್ಟ್ರೇಲಿಯಾದ ದನಗಳಿಗೆ ಗಳಗಂಡವನ್ನು ತರುತ್ತಿತ್ತು. ೧೯೮೦ರ ದಶಕದಲ್ಲಿ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಯು ಇದಕ್ಕೆ ಕಾರಣವು ಮೇಕೆಯ ಜಠರದಲ್ಲಿರುವ ಜೀವಾಣುಗಳೆಂದು ತಿಳಿದು, ಅವನ್ನು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ದಾಟಿಸಿದನು. ೧೯೯೨ರಲ್ಲಿ ಅವುಗಳಲ್ಲೊಂದಕ್ಕೆ ‘ಸಿನರ್ಜಿಸ್ಟೀಸ್ ಜೋನ್ಸಿಯೈ’ ಎಂದು ಅವನ ಹೆಸರನ್ನೇ ಇಟ್ಟರು. ಈ ಉಪಾಯದಿಂದ ಹಂದಿಗೆ ಲಾಭವಿಲ್ಲ. ಅಂತಹ ಜೀವಾಣುಗಳನ್ನು ನೆಲೆಗೊಳಿಸಲು ಅದಕ್ಕೆ ಮೊದಲಿನ ಜಠರವೇ ಇಲ್ಲ.

ಆದುದರಿಂದ ಹಂದಿಯ ವಿಷಯದಲ್ಲಿ ಎಲೆಯನ್ನೇ ಹದಗೊಳಿಸಬೇಕು. ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲುವುದರಿಂದಲೂ ಕಾಯಿಸುವುದರಿಂದಲೂ ಮಿಮೊಸೀನ್ ಇಳಿಯುತ್ತದೆ. ಅನ್ನಭೇದಿಯನ್ನು ಬೆರೆಸಿದರೆ ಅದರಲ್ಲಿನ ಕಬ್ಬಿಣವು ವಿಷವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಮಾಡಿಯೂ ಎಲೆಪುಡಿಯು ಒಟ್ಟು ಆಹಾರದಲ್ಲಿ ನೂರಕ್ಕೆ ೫ರಿಂದ ೧೦ ಭಾಗವನ್ನು ಮೀರದಿರುವುದು ಲೇಸು. ಗಬ್ಬದ ಹಂದಿಗೆ ಕೊಡದಿರುವುದೇ ಉತ್ತಮ. ಹಿಪ್ಪುನೇರಳೆಯ ಎಲೆಯಲ್ಲಿ ಮಿಮೊಸೀನಿನ ತೊಡಕಿಲ್ಲ, ಸಸಾರಜನಕವೂ ಕಡಿಮೆಯೇನಲ್ಲ. ಆದರೆ ಮೈಸೂರು ಸೀಮೆಯಂತಹ ಕಡೆಗಳಲ್ಲಿ ಅದರ ಮೇಲೆ ಮೊದಲ ಹಕ್ಕು ರೇಷ್ಮೆಹುಳುವಿನದು. ಹುಳು ತಿಂದು ಬಿಟ್ಟ ಕಡ್ಡಿ, ಒರಟೆಲೆಗಳನ್ನು ಮೆಲುಕು ಹಾಕುವ ದನಗಳಂತೆ ಹಂದಿಯು ಅರಗಿಸಿಕೊಳ್ಳಲಾರದು.