ಹತ್ತು ಮಾದರಿಯೋ, ಒಂದು ಗಟ್ಟಿ ಮಾದರಿಯೋ?

ಕೊರೊನಾ ಬಂದ 2020ರಲ್ಲಿ ಶಾಲೆಯ ಪಾಠಗಳು ಮೊಬೈಲಿಗೆ ಇಳಿದವು. ಹೊಳೆನರಸೀಪುರದ ಕಡೆಯ ರೈತರೊಬ್ಬರು ಮಗಳ ಓದಿಗೆಂದು ಆರು ಸಾವಿರ ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಂಡರು. ಮೂರೇ ತಿಂಗಳಲ್ಲಿ ಡಿಸ್‌ಪ್ಲೇ ಒಡೆಯಿತು. ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ವಿಚಾರಿಸಿ, ಕೊನೆಗೆ ಹಾಸನಕ್ಕೂ ಹೋಗಿಬಂದರು. ಎಲ್ಲ ಅಂಗಡಿಗಳಲ್ಲೂ ಒಂದೇ ಉತ್ತರ: ‘ಈ ಮಾಡೆಲ್ ನಿಂತುಹೋಗಿದೆ.’ ‘ಮೇಷ್ಟ್ರೇ, ಫೋನು ಹೊಸದು, ಅದರ ಸಾಮಾನು ಹೆಂಗೆ ಹಳೇದಾಯ್ತು?’ ಎಂದು ಅವರು ನನ್ನನ್ನು ಕೇಳಿದರು. ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ; ಪ್ರಶ್ನೆ ಮುಖ್ಯ.

ಉತ್ತರ ಒಂದು ಸರಳ ಲೆಕ್ಕದಲ್ಲಿದೆ. ಪ್ರತಿ ಮಾದರಿಗೂ ವಿನ್ಯಾಸ, ಅಚ್ಚು, ತಂತ್ರಾಂಶ, ಪರೀಕ್ಷೆ ಎಂದು ಮೊದಲೇ ಹಣ ಹಾಕಬೇಕು. ಅದು 50 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಮಾದರಿಯ 1 ಲಕ್ಷ ಫೋನು ತಯಾರಿಸಿದರೆ ಒಂದೊಂದರ ಮೇಲೆ ಬೀಳುವ ವೆಚ್ಚ 50 ರೂಪಾಯಿ. ಅದೇ 1 ಲಕ್ಷ ಫೋನನ್ನು ಹತ್ತು ಮಾದರಿಗಳಿಗೆ ಹಂಚಿದರೆ 500 ರೂಪಾಯಿ! ಜೊತೆಗೆ ಹತ್ತು ಬಗೆಯ ಡಿಸ್‌ಪ್ಲೇ, ಹತ್ತು ಬಗೆಯ ಬ್ಯಾಟರಿಯ ದಾಸ್ತಾನು. ಹಣ ಸಾಲದಾದಾಗ ಮೊದಲು ಕೈಬಿಡುವುದು ಬಿಡಿಭಾಗಗಳನ್ನೇ.

ಹಾಗಿದ್ದರೂ ಮಾದರಿಗಳು ಹೆಚ್ಚುವುದೇಕೆ? ಮೂರು ಸಾವಿರಕ್ಕೊಂದು, ನಾಲ್ಕು ಸಾವಿರಕ್ಕೊಂದು ಇದ್ದರೆ ಗಿರಾಕಿ ಬೇರೆ ಅಂಗಡಿಗೆ ಹೋಗಲಾರನೆಂಬ ಆಸೆ.

ನಮ್ಮ ನಾಡಿಗೆ ಸಂಬಂಧಿಸಿದ ಉದಾಹರಣೆಯೊಂದಿದೆ. ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಸಮೂಹಗಳು ಸೇರಿ 2009ರಲ್ಲಿ ಕಾರ್ಬನ್ ಮೊಬೈಲ್ಸ್ ಆರಂಭಿಸಿದವು. 2014ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಒನ್ ಯೋಜನೆಯಡಿ ಕಾರ್ಬನ್, ಮೈಕ್ರೋಮ್ಯಾಕ್ಸ್, ಸ್ಪೈಸ್ ಕಂಪನಿಗಳ ಫೋನುಗಳು 6,399 ರೂಪಾಯಿಯಿಂದ ಮಾರಾಟಕ್ಕೆ ಬಂದವು. ಒಂದೇ ಮೂಲ ವಿನ್ಯಾಸವಾದ್ದರಿಂದ ಖರ್ಚು ಉಳಿಯಿತು. ಆದರೆ ಹೆಸರು ಬಿಟ್ಟರೆ ಮೂರಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಬೇರೆ ಗುಣವಿಲ್ಲದ ಕಡೆ ಬೆಲೆಯೊಂದೇ ಸ್ಪರ್ಧೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬಂತು. 3ಜಿ ಫೋನಿನಲ್ಲಿ ಅದು ನಡೆಯದು. ಹಳೆಯ ದಾಸ್ತಾನು ಭಾರವಾಯಿತು; ಚೀನಾದ ಕಂಪನಿಗಳು ಮಾರುಕಟ್ಟೆ ಹಿಡಿದವು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಣ್ಣ ತಯಾರಕನಿಗೆ ಎರಡು ಮೂರು ಮಾದರಿ ಸಾಕು. ಎಲ್ಲಕ್ಕೂ ಒಂದೇ ಬ್ಯಾಟರಿ, ಒಂದೇ ಡಿಸ್‌ಪ್ಲೇ ಹೊಂದುವಂತಿದ್ದರೆ ಅದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಕ್ಕೀತು. ಆಗ ಅವನ ಫೋನಿಗೆ ಬೆಲೆಯಲ್ಲದೆ ಬೇರೊಂದು ಗುಣವೂ ಬಂದಂತಾಯಿತು.

ಪೋಷಕರೇ, ಫೋನು ಕೊಳ್ಳುವ ಮುನ್ನ ಎಷ್ಟು ಕ್ಯಾಮೆರಾ ಎಂದು ಕೇಳುವುದಕ್ಕಿಂತ, ಇದರ ಡಿಸ್‌ಪ್ಲೇ ನಮ್ಮೂರಿನಲ್ಲಿ ಸಿಗುತ್ತದೆಯೇ ಎಂದು ಕೇಳಿ. ವಿದ್ಯಾರ್ಥಿಗಳೇ, ಮುಂದೆ ನೀವೇ ಎಂಜಿನಿಯರುಗಳಾದಾಗ ಆ ರೈತರ ಪ್ರಶ್ನೆಯನ್ನು ಮರೆಯಬೇಡಿ.